ಕವೆಗೋಲು

ಮ್ಯಾನ್ಸ್‌ಫೀಲ್ಡಿನ ಪೇಟೆಬೀದಿಯಲ್ಲಿ
ಗಾಳದ ದಾರ, ಕುದುರೆಯ ಲಾಳ, ಮಳೆಬೂಟು, ತೋಟಾ
ಎಲ್ಲ ಒಂದೇ ಸೂರಿನಡಿ ಮಾರುವ ಲೊರೇನ್
ಗಾಜಿನ ಮೇಜಿನ ಮೇಲೆ ಒಂದೊಂದೇ ಬಿಡಿಸಿಟ್ಟಳು,
ಕೋವಿಗೆ ಊರುಗಾಲುಗಳನ್ನು.

ಎರಡು ಕಾಲಿನದು ನಳಿಗೆಯಡಿಗೇ ಕಚ್ಚಿಕೊಳ್ಳುತ್ತದೆ,
ಮಿಡತೆಯ ಹಾಗೆ ಮಡಚಿಕೊಳ್ಳುತ್ತದೆ.
"ಇದಕ್ಕೆ ನೀನು ಬೋರಲು ಮಲಗಬೇಕು" ಎಂದಳು.
ಬೋರಲು ಮಲಗಿದರೆ ಇಲ್ಲಿಯ ಕಾಡಲ್ಲಿ ಕಾಣುವುದು
ಜರೀಗಿಡದ ಬುಡ, ಅದರಾಚೆ ಇನ್ನೊಂದು ಜರೀಗಿಡದ ಬುಡ,
ಅದೃಷ್ಟ ಖುಲಾಯಿಸಿದರೆ ಒಂದು ಜಿಗಣೆ.

ಮೂರು ಕಾಲಿನದು ಗಟ್ಟಿ, ಜಪ್ಪಯ್ಯ ಎಂದರೂ ಅಲುಗದು.
ಆದರೆ ಮದುವೆಮನೆಯ ಫೋಟೋದವನಂತೆ
ಅದನ್ನು ಹೊತ್ತು ಗುಡ್ಡ ಹತ್ತಬೇಕು.
ಕೀಲು ಬಿಗಿದಾಗಲೆಲ್ಲ ಟಿಕ್ ಎನ್ನುತ್ತದೆ.
ಆ ಟಿಕ್ ಸಾಕು,
ಕಣಿವೆಯಾಚೆ ಎರಡು ಕಿವಿ ತಿರುಗಲು.

ಬೆಲೆಚೀಟಿ ನೋಡಿದೆ. ಎರಡು ದಿನದ ಸಂಬಳ.

ಆದರೂ, ಗುಂಡಿಲ್ಲವೆಂದು ಮೂರು ಸಲ ನೋಡಿಕೊಂಡು,
ಒಂದೊಂದರ ಮೇಲೂ ಕೋವಿ ಇಟ್ಟು
ಗೋಡೆಗಡಿಯಾರದ ನಾಲ್ಕಕ್ಕೆ ಗುರಿ ಹಿಡಿದೆ.
ದುರ್ಬೀನಿನೊಳಗಿನ ಕೂದಲೆಳೆಯ ಶಿಲುಬೆ
ನಾಲ್ಕರಿಂದ ಐದಕ್ಕೆ, ಐದರಿಂದ ಮೂರಕ್ಕೆ
ತೊಟ್ಟಿಲಂತೆ ತೂಗಿತು.
ತೂಗುತ್ತಿದ್ದುದು ಕೋವಿಯಲ್ಲ, ನನ್ನದೇ ನಾಡಿ.

ನಾನು ಈ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು.
ದಿನಕ್ಕೆ ಮೂವತ್ತು ಸಲ ಹೇಳುತ್ತೇನೆ:
ಉಸಿರು ಎಳೆದುಕೊಳ್ಳಿ. ಹಿಡಿಯಿರಿ. ಅಲುಗಬೇಡಿ.
ಹೇಳುವುದೇನು, ಬಾಯಿಗೆ ಖರ್ಚಿಲ್ಲ.

ಬಾಗಿಲಿಗೆ ಒರಗಿ ನೋಡುತ್ತಿದ್ದ ಮರ್ವ್ ಟ್ರಾಂಟರ್.
ಎಪ್ಪತ್ತಾರು ವರ್ಷ; ಎಡಗೈ ಈಚೆಗೆ ನಡುಗುತ್ತದೆ.
ಆ ಕೈಯ ಚಿತ್ರ ತೆಗೆದವಳೂ ನಾನೇ,
ಮೂಳೆಯಲ್ಲೇನೂ ದೋಷವಿರಲಿಲ್ಲ.
"ಏನೂ ಕೊಳ್ಳಬೇಡ, ಬಾ" ಅಂದ.
ಲೊರೇನ್ ಅವನತ್ತ ಕೈಗವಸೊಂದನ್ನು ಎಸೆದಳು.

ಅವನ ಹಿತ್ತಿಲ ಶೆಡ್ಡಿನಲ್ಲಿ
ಟೊಮೆಟೊ ಗಿಡಕ್ಕೆ ಊರುವ ಎರಡು ಗಟ್ಟಿಮರದ ಗೂಟ.
ತುದಿಯಿಂದ ಗೇಣು ಕೆಳಗೆ
ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಹಲ್ಲಲ್ಲಿ ಎಳೆದು ಕಟ್ಟಿದ.
ಅಗಲಿಸಿದರೆ ಕವೆ, ಕೂಡಿಸಿದರೆ ಕೋಲು.
ಪಲ್ಲಕ್ಕಿ ಹೊರುವವರು ನಡುದಾರಿಯಲ್ಲಿ ನಿಂತಾಗ
ದಂಡಿಗೆಗೆ ಕೊಡುವ ಕವೆಗೋಲು ಇದೇ ಅಲ್ಲವೆ?
ಭಾರವನ್ನು ನೆಲಕ್ಕಿಳಿಸದೆ
ಭುಜ ಮಾತ್ರ ಬಿಡಿಸಿಕೊಳ್ಳುವ ಉಪಾಯ.

ಆಗಸ್ಟಿನ ಬೆಳಗು. ಡೆಲಟೈಟ್ ಹೊಳೆಯ ಮೇಲೆ
ಇನ್ನೂ ಹರಿಯದ ಮಂಜು.
ಮರ್ವ್ ಪಿಸುಗುಟ್ಟಿದ: "ಸಾಂಬಾರ್."
ಸಾಂಬಾರು ಅನ್ನಕ್ಕೆ ಕಲಸುವುದು, ಮಾರಾಯ.
ಇದು ಕಡವೆ.
ಹುಣಸೂರಿನಿಂದ ಕುಟ್ಟಕ್ಕೆ ಹೋಗುವ ಬಸ್ಸಿನ ಕಿಟಕಿಯಲ್ಲಿ
ಕಂಡಕ್ಟರು ಬೆರಳು ಮಾಡಿ ತೋರಿಸಿದ್ದು.
ಅಲ್ಲಿ ಮುಟ್ಟಿದರೆ ಜೈಲು, ಇಲ್ಲಿ ಲೈಸೆನ್ಸು.
ನನಗಿಂತ ನೂರೈವತ್ತು ವರ್ಷ ಮುಂಚೆ
ಇದರ ಹಿರೀಕರು ಹಡಗಿನಲ್ಲಿ ಬಂದಿಳಿದಿದ್ದರು.
ಬರುತ್ತೀರಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಗೂಟ ಅಗಲಿಸಿದೆ. ಸದ್ದಿಲ್ಲ, ರಬ್ಬರು ಮಾತಾಡುವುದಿಲ್ಲ.
ಕೋವಿಯ ಮರ ಕವೆಯಲ್ಲಿ ಕೂತಿತು.
ಉಸಿರು ಎಳೆದುಕೊಂಡೆ. ಹಿಡಿದೆ.
ಮುಂಗಾಲಿನ ಹಿಂದಿನ ಮಡಿಕೆಯಲ್ಲಿ ಶಿಲುಬೆ
ಒಮ್ಮೆ ತೂಗಿತು,
ಇನ್ನೊಮ್ಮೆ,
ನಿಂತಿತು.

ಆಮೇಲಿನದು ಚಾಕು, ಚೀಲ, ಮಧ್ಯಾಹ್ನದವರೆಗೆ ಮಂಡಿಯೂರಿದ ಕೆಲಸ.
ಕಡವೆಯ ಕಣ್ಣು ಮುಚ್ಚಲು ನೋಡಿದೆ, ಮುಚ್ಚಲಿಲ್ಲ.

ಇಳಿಜಾರಿನಲ್ಲಿ ನನ್ನ ಬೆನ್ನ ಮೇಲೆ ಹಿಂದೊಡೆಯ ಮಾಂಸ,
ಮುಂದೆ ಮರ್ವ್, ಎಡಗೈಯಲ್ಲಿ ಕೂಡಿಸಿದ ಗೂಟ.
ಅವನೊಂದಿಗೆ ಗೂಟವೂ ಕೊಂಚ ನಡುಗಿತು,
ಆದರೆ ಊರಿತು.
ಸೊಂಟದೆತ್ತರದ ಬಂಡೆಯೊಂದು ಸಿಕ್ಕಾಗ
ಹೊರೆ ಅದರ ಮೇಲಿಟ್ಟು ಇಬ್ಬರೂ ನಿಂತೆವು.

"ನವೆಂಬರಿನಲ್ಲಿ ಕುದುರೆ ಜೂಜಿನ ದಿನ
ಟೊಮೆಟೊ ನೆಡುವವನು ನಾನು" ಅಂದ,
ಏದುಸಿರಿನ ನಡುವೆ.
"ಅಷ್ಟರೊಳಗೆ ಗೂಟ ವಾಪಸು ಬರಲಿ.
ತೊಳೆದು ಕೊಡು."