ಆರೋ ಒಂಬತ್ತೋ

ಇಳಕಲ್ಲ ಬಸ್‌ಸ್ಟ್ಯಾಂಡಿನ ಹಿಂದ, ಝೆರಾಕ್ಸ್ ಅಂಗಡಿ ಬಾಜೂಕ,
ಒಂದು ಕಂಪ್ಯೂಟರು, ಒಂದು ಬೆರಳಿನ ಯಂತ್ರ, ನಾನು.
ಬೋರ್ಡಿನ ಮ್ಯಾಲೆ ಬರದೈತಿ: ಎಲ್ಲಾ ಆನ್‌ಲೈನ್ ಸೇವೆ.
ಎಲ್ಲಾ ಅನ್ನೂದು ಪೇಂಟರನ ಧೈರ್ಯ, ನನ್ನದಲ್ಲ.

ಧನೇಶ್ವರ ತಾಂಡಿ ಇದು ಮೂರನೇ ಸಲ ಬಂದಾನ,
ಕಾರ್ಮಿಕರ ಕಾರ್ಡು ಮಾಡಿಸಾಕ.
ಗ್ರಾನೈಟ್ ಪಾಲಿಶಿನಾಂವ. ಊರು ಒಡಿಶಾದ ಬಲಾಂಗೀರ ಕಡೆ,
ಗೋಡಿ ನಕಾಶೆಯೊಳಗ ನನ್ನ ಗೇಣಿಗೆ ಒಂದೂವರಿ.
ಕೆಂಪು ಕಲ್ಲು ಕನ್ನಡಿ ಆಗೂದರೊಳಗ
ಬೆರಳ ತುದಿನೂ ಕನ್ನಡಿ ಆಗ್ಯಾವ.
ಒರಸಿ ಇಟ್ಟ. ಒತ್ತಿ ಇಟ್ಟ. ಎಣ್ಣಿ ಹಚ್ಚಿ ಇಟ್ಟ.
‘ಹೊಂದಾಣಿಕೆ ಇಲ್ಲ’ ಅಂತು ಪರದೆ,
ಪಂಚಾಯ್ತಿಯೊಳಗ ಗಂಡ ಹೆಂಡ್ತಿ ಅನ್ನೂ ಹಂಗ.

ಉಳಿದದ್ದು ಒಂದ ದಾರಿ, ಓಟಿಪಿ.
ಆ ನಂಬರ್ ಯಾರ ಹತ್ರ ಐತಿ?
‘ಅವ್ವನ ಹತ್ರ. ಬರೂ ಮುಂದ ಫೋನ್ ಅಲ್ಲೇ ಬಿಟ್ಟೆ.’
ಓದಾಕ ಬರತೈತೇನು?
ಅಂವ ನಕ್ಕ. ಕೇಳಬಾರದಿತ್ತು ನಾ.
‘ಓದೂವರೆಲ್ಲ ದುಡಿಯಾಕ ಹೋಗ್ಯಾರ, ಮೇಡಂ.’

ಪಕ್ಕದ ಮನಿ ಫೋನಿಗೆ ಹಚ್ಚಿದ.
ಅಕಿ ಕಿವ್ಯಾಗ ಒಂದು, ಕೈಯಾಗ ಒಂದು.
ಏನು ಕಾಣತೈತಿ ಹಂಗ ಹೇಳು ಅನ್ನು, ಅಂದೆ.
ಗಡುವು ಹತ್ತು ನಿಮಿಷ.

ದಾ ಅಂದಳು ಅಕಿ, ಕುಡಗೋಲು ಅಂದ ಅಂವ, ಏಳು ಅಂದೆ ನಾ.
ಚುಡಿ. ಬಳಿ. ಸೊನ್ನಿ.
ಹಾಂಡಿ ಮ್ಯಾಲೆ ಹಾಂಡಿ. ಎಂಟು.
ಕುಂತ ಬಾತುಕೋಳಿ. ಎರಡು.
ಬರೇ ಕೋಲು.

ನಮ್ಮವ್ವ ಟೋಪು ತೆನಿ ಹಾಕಾಕಿ,
ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ, ಒಂದೊಂದ ಕೊಂಡಿ.
ಎಷ್ಟವ್ವಾ ಅಂದರ, ನನಗೇನು ಗೊತ್ತು, ಬೆರಳಿಗೆ ಗೊತ್ತು ಅಂತಿದ್ದಳು.
ಈಗ ಪಿಂಚಣಿ ಬಂದಾಗೊಮ್ಮೆ
ಆ ಬೆರಳಿಗೂ ನನ್ನ ಯಂತ್ರ ಗುರ್ತು ಹಿಡಿಯೂದಿಲ್ಲ.
ಮಗಳ ಅಂಗಡಿ ಅಂತ ಸುಮ್ಮನ ಕುಂಡ್ರತಾಳ.

ಕಡೀ ಅಂಕಿ. ಸವಟು ಅಂದಳು ಮುದುಕಿ.
ಸವಟಿನ ತಲಿ ಮ್ಯಾಲೋ, ಕೆಳಗೋ?
ಆ ಕಡೆ ಸುಮ್ಮನಾತು. ಬಳಿ ಸಪ್ಪಳ.
ಫೋನ್ ತಿರಗಿಸಿದರ ಸವಟೂ ತಿರಗತೈತಂತ,
ಯಾವ ಕಡೆ ಹಿಡೀಲಿ ಅಂತ ಕೇಳತಾಳ.
ಎರಡು ಫೋನು, ಮೂರು ರಾಜ್ಯದಾಚೆ ಒಂದು ಅಂಗಳ,
ಆರೋ ಒಂಬತ್ತೋ ಅಂತ ನಾವು ಮೂರೂ ಮಂದಿ ನಿಂತೀವಿ.
ಹಿಂದ ಜಾತಿ ಪತ್ರದಾಂವ ಗಡಿಯಾರ ನೋಡಿದ.
ಒಂಬತ್ತು ಒತ್ತಿದೆ.
ತಪ್ಪು. ಆರು ಒತ್ತೂದರೊಳಗ ಗಡುವು ಮುಗೀತು.

ಮತ್ತ ಕಳಿಸಿದೆ. ಹೊಸಾ ಸಂದೇಶ, ಹೊಸಾ ಸಾಮಾನು:
ಎರಡು ಕೋಲು, ಕುಡಗೋಲು, ಬಾತುಕೋಳಿ, ಬಳಿ,
ಮತ್ತ ಬಾತುಕೋಳಿ. ದೇವರು ದೊಡ್ಡಾಂವ, ಸವಟು ಬರಲಿಲ್ಲ.
ಪರದೆ ಹಸರ ಆತು.

ಈ ಗುಟ್ಟು ಯಾರಿಗೂ ಹೇಳಬ್ಯಾಡ್ರಿ
ಅಂತ ಆ ಸಂದೇಶದ ಕೆಳಗ ಬರದಿರತೈತಿ.
ಓದಾಕ ಬಂದಿದ್ದರ ಹೇಳತಿರಲಿಲ್ಲೋ ಏನೋ.

ಅಂವ ಫೋನ್ ಇಡಲಿಲ್ಲ. ಏನೋ ಕೇಳತಿದ್ದಳು ಅಕಿ.
ಆಮ್ಯಾಲೆ ಹೇಳಿದ: ಎರಡೂ ನೀನ ಕಳಿಸಿದ್ದೇನು,
ಅಳಸಲೋ ಇಟಗೊಳ್ಳಲೋ ಅಂದಳಂತ.
ನೀ ಏನಂದಿ?
‘ಇಟಗೋ ಅಂದೆ.’

ಪ್ರಿಂಟ್ ಬಂತು. ತಾಂಡಿ ಅನ್ನೂದು ಕನ್ನಡದಾಗ ತಂಡಿ ಆಗೇತಿ,
ಏಪ್ರಿಲ್ ತಿಂಗಳ ಇಳಕಲ್ಲಿನ್ಯಾಗ.
ತಿದ್ದಬಹುದು, ಅಂದೆ,
ಇನ್ನೊಂದು ಓಟಿಪಿ ಬೇಕಾಕ್ಕೈತಿ.
ಅಂವ ಕಾಗದ ನೋಡಿದ, ಫೋನ್ ನೋಡಿದ,
‘ಇರಲಿ ಬಿಡ್ರಿ’ ಅಂದ, ‘ಅಕಿ ಊಟಕ್ಕ ಕುಂತಾಳ.’