ಹುಬ್ಬಿನ ಗೀಟು

ವಾಡಿ ಜಂಕ್ಷನ್ನಿನ ತಲಿಗೋಳು ಮೊದಲ ತೊಳೀಬೇಕು.
ಕತ್ತರಿ ಆಮ್ಯಾಲ.
ಸಿಮೆಂಟಿನ ಧೂಳು ಕುಂತಿರ್ತದ ಬೇರಿನ ತನಕ,
ಇಪ್ಪತ್ತರ ಪೋರ ಅರವತ್ತರಂವ ಕಂಡಂಗ ಕಾಣ್ತಾನ,
ನೀರು ಹಾಕಿದ್ರ ಮತ್ತ ಹರೇ ಬರ್ತದ.
ಈ ಧಂದೆದಾಗ ನಂಗ ಬಾಳ ಸೇರೋದು ಇದೊಂದೇ.

ಅಪ್ಪನ ಕಾಲದಾಗ ಕನ್ನಡಿ ಮ್ಯಾಲ ಎರಡು ಫೋಟೋ ಇದ್ದವು,
ಪೇಪರಿನಾಗಿಂದ ಕತ್ತರಿಸಿ ಗಂಜಿಲೆ ಹಚ್ಚಿದ್ದು.
ಎಡಕ್ಕ ನಾಯಕ, ಬಲಕ್ಕ ಖಳನಾಯಕ.
ಬಲಗಡಿದು ಬೇಕಂದವ್ರಿಗೆ ಪುಕ್ಕಟ, ಅಂತಿದ್ದ ಅಪ್ಪ.
ಸಾಯೋತನಕ ಒಬ್ಬನೂ ಕೇಳಲಿಲ್ಲ.
ಊರು ನೆಟ್ಟಗದ ಅನ್ಲಿಕ್ಕ ಅಂವಗ ಅಷ್ಟು ಸಾಕಿತ್ತು.

ಈಗ ಪೋರಗೋಳು ಫೋನ್ ತೋರಸ್ತಾವ.
‘ಕಾಕಾ, ಹಿಂಗ.’
ಬಾಜೂಕ ಬೋಳು, ನಡುವ ಕುದುರಿ ಜೂಲು,
ಎಡಹುಬ್ಬಿನಾಗ ಒಂದು ಗೀಟು, ಮಚ್ಚಿನೇಟು ಬಿದ್ದಂಗ.
ಇಂವ ನಾಯಕನೋ ಖಳನೋ ಅಂತ ಕೇಳ್ತೀನಿ.
ನಗ್ತಾವ. ಎಷ್ಟು ಮಂದೀನ ಕಡಿತಾನ ಅಂತ ಹೇಳ್ತಾವ,
ಬೆರಳು ಮಡಚಿ, ಸಾಲ್ಯಾಗ ಮಗ್ಗಿ ಒಪ್ಪಸ್ದಂಗ.
ಬೆಂಚಿನ ಮ್ಯಾಲ ಕುಂತ ಹಿರ್ಯಾರು ಕಾಲ ಕೆಟ್ಟದ ಅಂತಾರ.
ನಾನೂ ಹ್ಞೂಂ ಅಂತಿದ್ದೆ.
ಹ್ಞೂಂ ಅನ್ಲಿಕ್ಕ ಖರ್ಚೇನದ.

ನಿನ್ನಿ ಐತ್ವಾರ ಮಿಲಿಂದ ಅಂತ ಒಬ್ಬ ಬಂದ,
ಮೀಸಿ ಇನ್ನ ಪೆನ್ಸಿಲಿಲೆ ಬರದಂಗ ಅದ.
ಹಿಂದ ಅವರವ್ವ. ಹೊಸ್ತಿಲ ಹೊರಗ ನಿಂತಳು.
ಬಿಸಿಲು ಬೆನ್ನಿಗಿತ್ತು, ಮಾರಿ ಕಾಣಲಿಲ್ಲ,
ಕೈಚೀಲ ಎದಿಗವಚಿ ಹಿಡಿದ ರೀತಿ ಕಂಡೆ.
ಪಾಟಿಚೀಲ ಹಂಗೇ ಹಿಡೀತಿದ್ದಳು
ರತ್ನಮಾಲಾ,
ಫರ್ಸಿ ಖಣಿ ತುಕಾರಾಮನ ಮಗಳು, ಒಂಬತ್ತನೇ ಇಯತ್ತೆ.

ಆಗ ನಂದೂ ಎಡಗಡಿ ಫೋಟೋದ ಕಟಿಂಗ್.
ನಾಯಕಂದು.
ಅಪ್ಪನೇ ಎಣ್ಣಿ ಹಚ್ಚಿ ಬೈತಲಿ ತೆಗದಿದ್ದ.
ಟಾಕೀಜಿನಾಗ ನೆಲದ ಟಿಕೇಟಿಗೆ ಕುಂತು ಕಲತದ್ದು ಇಷ್ಟು:
ಹುಡುಗಿ ಬ್ಯಾಡ ಅಂತಾಳ, ಬೆನ್ನು ಹತ್ತಬೇಕು,
ಮತ್ತ ಬ್ಯಾಡ ಅಂತಾಳ, ಸೈಕಲ್ ಅಡ್ಡ ಹಾಕಬೇಕು,
ಮೂರನೇ ಸಲಕ್ಕ ಹಾಡು ಶುರು ಆಗ್ತದ.
ಮಂದಿ ಸೀಟಿ ಹೊಡೀತಿದ್ರು. ಅಪ್ಪನೂ ಹೊಡದಾನ.

ರೈಲ್ವೆ ಗೇಟು ಬಿದ್ದಾಗ ಆಕಿ ನಿಲ್ಲಲೇಬೇಕಿತ್ತು.
ಆ ಹೊತ್ತಿಗೇ ನಾನೂ. ಮೂರು ತಿಂಗಳು.
ಮಾಲಗಾಡಿ ಡಬ್ಬಿ ಎಣಸ್ತಿದ್ದಳು, ತುಟಿ ಅಷ್ಟೇ ಅಲಗಿಸಿ,
ನನ್ನ ಕಡಿ ನೋಡಬಾರ್ದಂತ.
ನಾ ಅದನ್ನ ನಾಚಿಕಿ ಅಂದ್ಕೊಂಡಿದ್ದೆ.
ದೀವಳಿಗಿ ಸೂಟಿ ಮುಗದ ಮ್ಯಾಲ ಸಾಲಿಗೆ ಬರಲಿಲ್ಲ.
ಲಗ್ನ ಮಾಡಿದ್ರಂತ, ಆಳಂದ ಕಡಿ ಎಲ್ಲೋ.
ಸೋತಂವ ನಾನೇ ಅಂತ ತಿಳದು
ಹದಿನೈದು ದಿನ ಗಡ್ಡ ಬಿಟ್ಟು ತಿರುಗಿದೆ.
ಅದೂ ಸಿನಿಮಾದ್ದೇ.

ಪೋರ ಕುರ್ಚಿ ಏರಿ ಹುಬ್ಬು ತೋರಿಸಿದ.
‘ಹುಬ್ಬು ಬ್ಯಾಡೋ,’ ಹೊಸ್ತಿಲಿಂದ ಬಂತು.
ಜೋರೇನಿಲ್ಲ. ಮೂವತ್ತು ವರ್ಷದ ಹಿಂದಿಂದೇ ಧ್ವನಿ,
ಜರಾ ಧೂಳು ಕುಂತಾದ ಅಷ್ಟೇ.
‘ಅವ್ವ ಹಂಗೇ ಅಂತಾಳ ಕಾಕಾ, ನೀ ಹಾಕು.’

ಹೊಸಾ ಬ್ಲೇಡು ಮುರದು ಏರಿಸಿದ್ದೆ.
ಕನ್ನಡಿಯಾಗ ಮೂರು ಮಾರಿ.
ಪೋರಂದು ಗೀಟಿಲ್ಲದ್ದು, ಆಕಿದು ಬರೇ ಕತ್ತಲಿ, ನಂದು ಯಾರ್ದೋ.

‘ಬ್ಯಾಡ ಅಂದಾಳಲ್ಲ,’ ಅಂದೆ. ಕತ್ತಿ ಕೆಳಗಿಟ್ಟೆ.
‘ಅಂದ್ರೇನಾತು?’
‘ಅಂದ್ರ ಬ್ಯಾಡ ಅಂತ.’

ಪೋರ ಮಾರಿ ಊದಿಸಿದ.
ಬಾಜೂದು ಬೋಳಿಸಿದೆ, ಜೂಲು ಬಿಟ್ಟೆ. ತಲಿ ಅವಂದು.
ಆಕಿ ಎಂಬತ್ತು ರೂಪಾಯಿ ಎಣಿಸಿ ಹೊಸ್ತಿಲ ಮ್ಯಾಲಿಟ್ಟಳು,
ನನ್ನ ಕೈಗಲ್ಲ.
ಗೇಟು ಬಿದ್ದಿತ್ತು. ಇಬ್ಬರೂ ನಿಂತ್ರು.
ಮಾಲಗಾಡಿ ಹಾಯ್ಲತಿತ್ತು,
ಬಾಗಿಲಾಗ ನಿಂತು ಎಣಸಿದೆ ನಾನೂ. ಐವತ್ತೆಂಟು ಡಬ್ಬಿ.
ಇಷ್ಟು ಹೊತ್ತು ಹಿಡೀತದಂತ
ಗೊತ್ತೇ ಇರಲಿಲ್ಲ ನಂಗ.