ನಾಲ್ಕನೇ ಚುಕ್ಕಿ

ಪೆನ್ಸಿಲ್ಲಿಲೆ ಎಳೀಬೇಕು ಅಂತ ಎರಡು ಸಲ ಹೇಳಿದ್ದೆ.
ಫಕೀರೇಶ ಬಾಲ್‌ಪೆನ್ನಿಲೆ ಗೆರಿ ಎಳದು
ಗೆರಿ ಮ್ಯಾಲ ಹೆಸರೂ ಬರದಿದ್ದ, ಮುದ್ದಾಗಿ.

ಗಾಜಿನ ಡಬ್ಬಿಯೊಳಗ ಬ್ಯೂಟನಾಲು, ವಿನೆಗರಿನ ಘಾಟು, ಚೂರು ನೀರು.
ಮುಚ್ಚಳ ಹಾಕಿ ಹತ್ತು ಮಿನಿಟು ಆಗಿಲ್ಲ,
ಹೆಸರುಗಳೇ ಎದ್ದು ನಡೀಲಿಕ್ಕೆ ಹತ್ತಿದ್ವು.
ಆಂಪಿಸಿಲಿನ್ ಅನ್ನೋ ನಾಕೈದು ಅಕ್ಷರ
ನೀಲಿಗೊಂದು ಹಾದಿ, ಜಾಂಬಳಿಗೊಂದು ಹಾದಿ ಹಿಡದು
ಒಂದಕ್ಕೊಂದು ಕೈಬಿಟ್ಟು ಏರಿದ್ವು.
ಔಷಧಕ್ಕ ಬಣ್ಣ ಇಲ್ಲ. ಅದು ಎಲ್ಲಿತ್ತೋ ಏನೋ.

ಹೊಸಾ ಪ್ಲೇಟು. ಪೆನ್ಸಿಲ್ ಗೆರಿ.
ಮೂರು ಚುಕ್ಕಿ ನಮ್ಮ ಕಪಾಟಿನವು, ಗುರುತಿನವು.
ನಾಲ್ಕನೇದು ಅವನ ಕಿಸೆದಾಗಿಂದು:
ಹಳೇ ಪೇಪರಿನ ಪುಡಿಕೆ,
ಲಕ್ಷ್ಮೇಶ್ವರದ ಯಾವನೋ ಕಂಪೌಂಡರ್ ಕಟ್ಟಿ ಕೊಟ್ಟದ್ದು.
"ದೊಡ್ಡವ್ವ ಹಳದಿ ಗುಳಿಗಿ ಅಂತಾಳ್ರಿ.
ಜ್ವರಕ್ಕ ಹಳದಿ, ಕಾಲಿಗೆ ಗುಲಾಬಿ.
ಓದಾಕ ಬರಂಗಿಲ್ಲ ಅಕಿಗೆ."
ಹಳದಿ ಸಿಪ್ಪಿ ಕೆರೆದು, ಒಳಗಿನ ಬಿಳಿ ಅರೆದು,
ಕೂದಲಂಥ ನಳಿಗಿಲೆ
ಸಾಸಿವಿಯಷ್ಟು ಇಟ್ಟ. ಉಸಿರು ಹಿಡಕೊಂಡಿದ್ದ.

ಬ್ಯೂಟನಾಲು ಅವಸರ ಮಾಡಂಗಿಲ್ಲ.
ಕರೆಂಟು ಹೋಗಿತ್ತು. ವಿದ್ಯಾನಗರದ ಬಿಸಿಲು
ಕಿಟಕಿಗೆ ಕಟ್ಟಿದ ಹಳೇ ಏಪ್ರನ್ ದಾಟಿ ಒಳಗ ಬಂದು ಕುಂತಿತ್ತು.
ನಾವಿಬ್ರೂ ಮ್ಯಾಲೇರೋ ಒದ್ದಿ ಅಂಚು ನೋಡಕೋತ ಕುಂತ್ವಿ,
ಹಾಲು ಉಕ್ಕೋದನ್ನ ಕಾಯೋರ ಹಂಗ.

ಸಂಜಿಗೆ ಕತ್ತಲಕೋಣ್ಯಾಗ ನೀಲಿ ದೀಪ ಹಚ್ಚಿದ್ರ
ಟೆಟ್ರಾಸೈಕ್ಲಿನ್ ಹಳದಿ ಮಿಂಚಿತು, ಕೇಳದನ.
ನಿನ್‌ಹೈಡ್ರಿನ್ ಸಿಂಪಡಿಸಿ ಒಲಿಯಾಗ ಕಾಸಿದ ಮ್ಯಾಲ
ಜೆಂಟಾಮೈಸಿನ್ ಗೆರಿ ಬಿಟ್ಟು ಎದ್ದೇ ಇಲ್ಲಂತ ಗೊತ್ತಾತು,
ಆಂಪಿಸಿಲಿನ್ ನೇರಳೆಯಾಗಿ ಅರ್ಧ ಹಾದ್ಯಾಗ,
ಅದರ ಬಾಜೂಕ, ಅದ ಎತ್ತರಕ್ಕ, ಅವನ ಚುಕ್ಕಿ.
"ಸಿಕ್ತು ಮೇಡಂ!"

ತಡಿ ಅಂದೆ. ಒಂದ ಎತ್ತರಕ್ಕ ನಿಂತಾವಂದ್ರ
ಒಂದ ಮನಿಯವು ಅಂತಲ್ಲ.
ಬ್ಯಾರೆ ನೀರಿನ್ಯಾಗ ನಡಿಸಿ ನೋಡು.

ಮರುದಿನ ಬ್ಯಾರೆ ದ್ರಾವಣದಾಗ
ಎರಡೂ ಅಗಲಿದ್ದವು. ನಡುವ ಗೋಧಿಕಾಳಿನಷ್ಟು ಬಯಲು.
ಅಷ್ಟ ಸಾಕು. ಇದು ಅದಲ್ಲ.
ಯಾವುದು ಅನ್ನೋದು ಇನ್ನೂ ಗೊತ್ತಿಲ್ಲ.

ಆದ್ರ ಪ್ಲೇಟಿನ ಬಲಗಡೆ ಅಂಚಿಗೆ,
ನಾ ಹಿಡಿಬ್ಯಾಡಂದಲ್ಲೇ ಹಿಡದಿದ್ದ ನೋಡ್ರಿ,
ಅವನ ಬೆವರೂ ಒಲಿಯಾಗ ಬಣ್ಣ ತಾಳಿತ್ತು:
ಒಂದು ಹೆಬ್ಬೆಟ್ಟು, ನೇರಳೆ, ಸುಳಿ ಸುಳಿ,
ಯಾರದಂತ ಕೇಳೂದು ಬ್ಯಾಡದಂಗ.

ನೋಟ್‌ಬುಕ್ಕಿನ್ಯಾಗ "ಗುರುತು ಸಿಕ್ಕಿಲ್ಲ" ಅಂತ ಬರಸಿದೆ.
ಕಪಾಟಿನ್ಯಾಗ ಇನ್ನೂ ಹದಿನಾರು ಶೀಷೆ ಅದಾವು.
ಫಕೀರೇಶ ಪೆನ್ಸಿಲ್ ಚೂಪು ಮಾಡಾಕ ಹತ್ಯಾನ.